ಇರುವೆ ದೇವೀರಿಯ ಎರಡು ಕೈ

ಕೂತ್ಕೊಳ್ಳಿ, ಹೇಳ್ತೀನಿ. ಇದು ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ಮಾತ್ರ ಕೇಳಬೇಡಿ. ನನಗೆ ಹೇಳಿದ ನನ್ನಜ್ಜಿಗೂ ಗೊತ್ತಿರಲಿಲ್ಲ, ಅವಳಿಗೆ ಹೇಳಿದವರಿಗೂ ಗೊತ್ತಿರಲಿಲ್ಲ.

ಬ್ಯಾಲದಕೆರೆ ಅಂತ ಒಂದು ಊರು. ಆ ಊರಿಗೆ ವರ್ಷಕ್ಕೊಮ್ಮೆ, ರಾಗಿ ಒಕ್ಕಣೆ ಮುಗಿಯುವ ಹೊತ್ತಿಗೆ, ಒಬ್ಬ ಮೇದರ ಹೆಂಗಸು ಬರುತ್ತಿದ್ದಳು. ತಲೆಯ ಮೇಲೆ ಬಿದಿರಿನ ಹೊರೆ, ಸೊಂಟದಲ್ಲಿ ಕತ್ತಿ. ಮೊರ, ಕುಕ್ಕೆ, ಮಂಕರಿ ಹೆಣೆಯುತ್ತಿದ್ದಳು. ದೊಡ್ಡ ಮನೆಗಳಿಗೆ ರಾಗಿ ತುಂಬುವ ಕಣಜ ಕಟ್ಟಿಕೊಡುತ್ತಿದ್ದಳು. ಹೆಸರು ದೇವೀರಿ. ಆದರೆ ಯಾರೂ ಬರೀ ದೇವೀರಿ ಅನ್ನುತ್ತಿರಲಿಲ್ಲ. ಇರುವೆ ದೇವೀರಿ ಅನ್ನುತ್ತಿದ್ದರು.

ಯಾಕೆ ಅಂದರೆ, ನಮಗೆ ನೆಂಟರ ಗುರುತು ಇರುತ್ತಲ್ಲ, ಹಾಗೆ ಆ ಹೆಂಗಸಿಗೆ ಇರುವೆಗಳ ಗುರುತು ಇತ್ತು. ಬಿದಿರು ಕಡಿದಾಗ ಟೊಳ್ಳು ಗೆಣ್ಣಿನಿಂದ ಇರುವೆ ಉಕ್ಕಿ ಬರುತ್ತದೆ. ಯಾವುದಕ್ಕೆ ಕೈ ಕೊಡವಿದರೆ ಸಾಕು, ಯಾವುದಕ್ಕೆ ಎದ್ದು ಓಡಬೇಕು ಅನ್ನೋದು ಮೇದರ ಮಕ್ಕಳಿಗೆ ಅಂಬೆಗಾಲಿಡುವಾಗಲೇ ತಿಳಿದಿರಬೇಕು. ದೇವೀರಿ ಅವರೆಲ್ಲರಿಗಿಂತ ಮುಂದೆ ಹೋದಳು. ಕಣ್ಣು ಮುಚ್ಚಿಕೊಂಡು ಅಂಗೈ ಚಾಚಿದರೆ ಸಾಕು, ಮೇಲೆ ನಡೆಯುತ್ತಿರುವುದು ದಪ್ಪ ಕಪ್ಪು ಗೊದ್ದವೋ, ಮಾವಿನ ಎಲೆ ಹೊಲಿದು ಗೂಡು ಮಾಡುವ ಕೆಂಜಗವೋ ಅಂತ ಹೇಳುತ್ತಿದ್ದಳಂತೆ. ಬಿಲದ ಬಾಯಲ್ಲಿ ಹೊಟ್ಟಿನ ರಾಶಿ ಕಂಡರೆ, ಇವೂ ನಮ್ಮ ಹಾಗೆ ಕಾಳು ಕೂಡಿಡುವವು, ಇಲ್ಲಿ ಕಣಜ ಬೇಡ ಅನ್ನುತ್ತಿದ್ದಳಂತೆ. ಇರುವೆಯನ್ನು ಬೆರಳಲ್ಲಿ ಹೊಸಕಿ ಮೂಸಿ ನೋಡಿ, ಇದು ಗೋಡೆಯದು, ಇದು ಮಣ್ಣಿನದು ಅನ್ನುತ್ತಿದ್ದಳಂತೆ. ಗೆದ್ದಲನ್ನು ಯಾರಾದರೂ ಇರುವೆಯ ಲೆಕ್ಕಕ್ಕೆ ಸೇರಿಸಿದರೆ ಅವಳಿಗೆ ಸಿಟ್ಟು ಬರುತ್ತಿತ್ತಂತೆ. ಬಿದಿರು ತಿನ್ನುವ ಆ ಹುಳಕ್ಕೂ ಇರುವೆಗೂ ನೆಂಟಸ್ತನ ಕಟ್ಟಬೇಡಿ ಅಂತ ಗದರುತ್ತಿದ್ದಳಂತೆ.

ಒಂದು ವರ್ಷ ಅವಳು ಬರುವ ಹೊತ್ತಿಗೆ ಬ್ಯಾಲದಕೆರೆಯಲ್ಲಿ ಒಂದು ದೊಡ್ಡ ಮಾತು ನಡೆದುಹೋಗಿತ್ತು.

ಊರ ಗೌಡ ಮೂಡ್ಲಗಿರಿಯಪ್ಪ. ಅವನ ಸೊಸೆ ಸಣ್ಣೀರಮ್ಮ ಗಂಡುಮಗು ಹೆತ್ತಿದ್ದಳು. ಆ ಮನೆಯಲ್ಲಿ ಎಷ್ಟೋ ಕಾಲದ ಮೇಲೆ ತೂಗಿದ ತೊಟ್ಟಿಲು ಅದು. ಮಗುವನ್ನು ಮಲಗಿಸಿದರೆ ಬೆಳಗಾಗುವಷ್ಟರಲ್ಲಿ ಅದರ ಕಾಲೆಲ್ಲ ಇರುವೆ ಕಚ್ಚಿ ಕೆಂಪಾಗಿರುತ್ತಿತ್ತು. ಹೆಗಲ ಮೇಲೆ ಹಾಕಿಕೊಂಡು ರಾತ್ರಿಯೆಲ್ಲ ಓಡಾಡಿದರೂ, ಒಂದು ಗಳಿಗೆ ಕಣ್ಣು ಮುಚ್ಚೋಣ ಅಂತ ತಾಯಿ ತೊಟ್ಟಿಲಿಗೆ ಹಾಕಿದರೆ ಮತ್ತೆ ಅದೇ ಪಾಡು. ಮಗು ಹಾಲು ಬಿಟ್ಟಿತು. ಅಳುವ ಶಕ್ತಿಯೂ ಕಡಿಮೆಯಾಗುತ್ತ ಬಂತು.

ಒಂದು ದಿನ ಬಿಸಿಲೇರಿದ ಮೇಲೆ ಗೌಡ ತಾನೇ ನಿಂತು ಇರುವೆ ಸಾಲನ್ನು ಹಿಂಬಾಲಿಸಿದ. ಸಾಲು ತೊಟ್ಟಿಲ ಹಗ್ಗ ಹತ್ತಿ, ತೊಲೆಯ ಮೇಲೆ ಹೋಗಿ, ಪಕ್ಕದ ಮನೆಯ ಗೋಡೆಯ ಬಿರುಕಿನೊಳಗೆ ಇಳಿಯಿತು. ಪಕ್ಕದ ಮನೆ ಕದರಮ್ಮನದು.

ಕದರಮ್ಮ ಗಂಡ ಸತ್ತವಳು. ಹೆತ್ತ ಮಕ್ಕಳೂ ಉಳಿದಿರಲಿಲ್ಲ. ಆದರೆ ಊರಿನ ಅರ್ಧ ಮಕ್ಕಳು ಈಚೆಗೆ ಬಂದದ್ದು ಅವಳ ಕೈಯಿಂದಲೇ. ಸೂಲಗಿತ್ತಿ ಅವಳು. ಗೌಡನ ಮೊಮ್ಮಗನನ್ನು ಹಿಡಿದವಳೂ ಅವಳೇ. ಹಿಡಿದ ಕೈಯೇ ಮಾಟ ಮಾಡಿತು, ತನ್ನ ಮಡಿಲು ಖಾಲಿ ಅನ್ನೋ ಹೊಟ್ಟೆಕಿಚ್ಚಿಗೆ ಇರುವೆ ಬಿಟ್ಟಳು ಅಂತ ಜನ ಆಡಿಕೊಂಡರು. ಅವಳು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊರು ಬಿಟ್ಟು ಹೋಗಬೇಕು ಅಂತ ನ್ಯಾಯ ಆಯಿತು.

ದೇವೀರಿ ಕಣಜ ಕಟ್ಟೋದಕ್ಕೆ ಗೌಡನ ಮನೆಗೆ ಬಂದಾಗ ಕದರಮ್ಮ ತನ್ನ ಹೊಸಲಿನ ಮೇಲೆ ಕೂತಿದ್ದಳಂತೆ. ಪಕ್ಕದಲ್ಲಿ ಎರಡು ಮಡಕೆ, ಒಂದು ಸುತ್ತಿದ ಚಾಪೆ. ಎಲ್ಲಿಗೆ ಹೊರಟೆ ಅಂತ ದೇವೀರಿ ಕೇಳಿದಳು. ಗೊತ್ತಿಲ್ಲ ಅಂದಳು ಕದರಮ್ಮ. ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು. ಅಳಲಿಲ್ಲವಂತೆ. ಅತ್ತು ಮುಗಿಸಿದ್ದಳು.

ದೇವೀರಿ ಹೊರೆ ಇಳಿಸಿ ನೇರವಾಗಿ ಗೌಡನ ಎದುರಿಗೆ ಹೋಗಿ ನಿಂತಳು. ಅವಳು ಕೇಳಿದ್ದು ಒಂದೇ ಮಾತು.

"ಗೌಡ್ರೇ, ಕಚ್ಚಿದ್ದು ಯಾವ ಇರುವೆ?"

"ಇರುವೆ ಅಂದ್ರೆ ಇರುವೆ. ಅದ್ರಾಗೆ ಯಾವ್ದು ಅಂತ ಬೇರೆ ಐತಾ?" ಅಂದ ಗೌಡ.

"ನಿಮ್ ಕೊಟ್ಟಿಗೇಲಿ ಹಸಾನೂ ಐತೆ, ಹೋರೀನೂ ಐತೆ. ಹಾಯ್ದಿದ್ದು ಯಾವ್ದು ಅಂತ ನೋಡ್ದೆ ಹಸಾ ಹೊಡ್ದು ಓಡಿಸ್ತೀರಾ?"

ಗೌಡನಿಗೆ ಸಿಟ್ಟು ಬಂತು. ಆದರೆ ಒಳಗಿನಿಂದ ಸಣ್ಣೀರಮ್ಮ ಮಗುವನ್ನು ಎತ್ತಿಕೊಂಡು ಪಡಸಾಲೆಗೆ ಬಂದುಬಿಟ್ಟಳು. ಬಾಣಂತಿ ಹಾಗೆ ಹೊರಗೆ ಬರಬಾರದು ಅಂತ ಅತ್ತೆ ತಡೆದರೂ ನಿಲ್ಲಲಿಲ್ಲ. ದೇವೀರಿ ಮಗುವಿನ ಕಾಲು ನೋಡಿದಳು. ಕೆಂಪು ದದ್ದು, ಒಂದೊಂದರ ನೆತ್ತಿಯ ಮೇಲೂ ನವಣೆ ಕಾಳಿನಂಥ ಬಿಳಿ ಗುಳ್ಳೆ. ಕಚ್ಚಿದ ಜಾಗ ಹೀಗೆ ಬಿಳಿ ಗುಳ್ಳೆ ಆಗೋದಕ್ಕೆ ಒಂದು ರಾತ್ರಿ ಬೇಕು ಅಂತ ಹೇಳಿದಳು. ನಾಳೆ ಬೆಳಗ್ಗೆವರೆಗೆ ಕದರಮ್ಮ ಊರು ಬಿಡಬಾರದು, ಅಲ್ಲಿವರೆಗೆ ಮಗು ತೊಟ್ಟಿಲಿಗೆ ಹೋಗಬಾರದು ಅಂದಳು. ಆಮೇಲೆ ನೀವು ಹೇಳಿದ ಹಾಗೆ ಆಗಲಿ ಅಂದಳು.

ಜನ ಸೇರಿದರು. ದೇವೀರಿ ಎಡಗೈಗೆ ಬೆಲ್ಲದ ನೀರು ಸವರಿಕೊಂಡು ಕದರಮ್ಮನ ಗೋಡೆಯ ಬಿರುಕಿಗೆ ಒತ್ತಿ ಹಿಡಿದಳು. ಕಪ್ಪು ಸಣ್ಣಿರುವೆ ಸಾಲಾಗಿ ಬಂದು ಮೊಣಕೈವರೆಗೂ ಮುತ್ತಿದವು. ಅತ್ತಿತ್ತ ಹರಿದಾಡಿದವು, ಬೆಲ್ಲ ನೆಕ್ಕಿದವು, ಹೋದವು. ಅವಳು ಕೈ ಕೊಡವಿ, ಗುಳ್ಳೆ ಎಬ್ಬಿಸುವ ಇರುವೆ ಒದ್ದೆ ಮಣ್ಣಿನದು, ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಅಂತ ಗೌಡನನ್ನು ಕೇಳಿದಳು. ಗೌಡನ ಹಿತ್ತಲಿಗೆ ಹೋದಳು. ಬಚ್ಚಲ ಗೋಡೆಯ ಬುಡದಲ್ಲಿ ಜರಡಿ ಹಿಡಿದ ಹಾಗೆ ನುಣ್ಣನೆ ಮಣ್ಣು ಉಬ್ಬಿತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಬಲಗೈಯನ್ನು ಆ ಮಣ್ಣಿನ ಮೇಲೆ ಇಟ್ಟಳು.

ಸಣ್ಣ ಕೆಂಪಿರುವೆ ಉಕ್ಕಿ ಬಂದವು. ಮೊದಲು ಸುಮ್ಮನೆ ಹತ್ತಿದವು, ಆಮೇಲೆ ಎಲ್ಲ ಒಟ್ಟಿಗೆ ಕಚ್ಚಿದವು. ನೋಡುತ್ತಿದ್ದ ಹೆಂಗಸರು ಮುಖ ತಿರುಗಿಸಿಕೊಂಡರಂತೆ. ದೇವೀರಿಯ ಹಣೆ ಬೆವರಿತು, ತುಟಿ ಬಿಗಿಯಿತು, ಕೈ ಮಾತ್ರ ಅಲ್ಲೇ ಇತ್ತು. ಸಾಕು ತೆಗಿ ಅಂತ ಗೌಡನೇ ಹೇಳಿದ ಮೇಲೆ ತೆಗೆದಳು.

ಆ ಕೈ ಸೋರೆಕಾಯಿಯಂತೆ ಊದಿತು ಅಂತಾರೆ. ಊದಿದ ಕೈಯಲ್ಲೇ ಕೂತು ಕಣಜದ ಅರ್ಧ ಹೆಣೆದು ಮುಗಿಸಿದಳು ಅಂತಲೂ ಅಂತಾರೆ. ಅಷ್ಟನ್ನು ನಾನು ನಂಬೋದಿಲ್ಲ. ಕದರಮ್ಮ ಅವಳ ಕೈಗೆ ಅರಿಶಿನ ಅರೆದು ಹಚ್ಚಿದಳು ಅಂತ ನನ್ನಜ್ಜಿ ಹೇಳುತ್ತಿದ್ದಳು. ಅದು ನಿಜ ಇರಬೇಕು.

ಬೆಳಗಾಯಿತು. ಊರೆಲ್ಲ ಗೌಡನ ಅಂಗಳದಲ್ಲಿತ್ತು. ದೇವೀರಿ ಎರಡು ಕೈಯನ್ನೂ ಚಾಚಿದಳು. ಎಡಗೈ ತೊಳೆದ ತಟ್ಟೆಯ ಹಾಗಿತ್ತು. ಬಲಗೈ ತುಂಬ ಕೆಂಪು ದದ್ದು, ಒಂದೊಂದರ ನೆತ್ತಿಯ ಮೇಲೂ ಬಿಳಿ ಗುಳ್ಳೆ. ಸಣ್ಣೀರಮ್ಮ ಮಗುವಿನ ಕಾಲನ್ನು ಆ ಕೈಯ ಪಕ್ಕಕ್ಕೆ ತಂದು ಹಿಡಿದಳು. ಎರಡರ ಮೇಲೂ ಅದೇ ದದ್ದು, ಅದೇ ಗುಳ್ಳೆ.

ಆಗ ದೇವೀರಿ ಬಿಡಿಸಿ ಹೇಳಿದಳಂತೆ. ಕಪ್ಪಿರುವೆ ಹಗಲು ಓಡಾಡುತ್ತದೆ, ಮಗುವಿನ ಬಾಯಿಂದ ಸೋರಿದ ಹಾಲಿಗೆ ಬರುತ್ತದೆ, ಕಚ್ಚೋದಿಲ್ಲ. ಕೆಂಪಿರುವೆ ತಂಪು ಹೊತ್ತಿನಲ್ಲಿ ಬಚ್ಚಲ ಗೋಡೆ ಹತ್ತಿ ಅದೇ ತೊಲೆ ಹಿಡಿದು, ಮಗುವಿಗೆ ತಿಕ್ಕಿದ ಎಣ್ಣೆಯ ವಾಸನೆಗೆ ಇಳಿಯುತ್ತದೆ, ಬಿಸಿಲೇರುವ ಮುಂಚೆ ಮಣ್ಣಿಗೆ ಸೇರಿಕೊಳ್ಳುತ್ತದೆ. ನೀವು ಬಿಸಿಲಲ್ಲಿ ನೋಡಿದಿರಿ, ಬಿಸಿಲಲ್ಲಿ ಕಂಡದ್ದರ ಮೇಲೆ ತಪ್ಪು ಹೊರಿಸಿದಿರಿ ಅಂದಳು. ಆಮೇಲೆ ಗೌಡನ ಕಡೆ ತಿರುಗಿ, ದನಿ ಇಳಿಸಿ ಕೇಳಿದಳು:

"ಅಷ್ಟು ಇರುವೆ ಸುಮ್ನೆ ಸೇರಾಕಿಲ್ಲ. ಬಚ್ಚಲ ಬುಡದಾಗೆ ಏನು ಹೂತಿದ್ದೀರಿ ಗೌಡ್ರೇ?"

ಮಗು ಹುಟ್ಟಿದ ದಿನ ಮಳೆ ಹಿಡಿದಿತ್ತು. ಹೆರಿಗೆಯ ಮಾಸನ್ನು ದೂರದ ಬದುವಿನಲ್ಲಿ ತೋಳುದ್ದ ಗುಂಡಿ ತೆಗೆದು ಹೂಳಿ, ಮೇಲೆ ಚಪ್ಪಡಿ ಎಳೆಯಬೇಕು ಅಂತ ಕದರಮ್ಮ ಹೇಳಿ ಗೌಡನ ಕೈಗೆ ಕೊಟ್ಟಿದ್ದಳು. ಹ್ಞೂಂ ಅಂದಿದ್ದ. ಮಳೆಯಲ್ಲಿ ಬದುವಿನವರೆಗೆ ಹೋಗೋದಕ್ಕೆ ಬೇಸರವಾಗಿ, ಬಚ್ಚಲ ಪಕ್ಕದಲ್ಲೇ ಗೇಣು ಮಣ್ಣು ಕೆದಕಿ ಮುಚ್ಚಿ ಬಂದಿದ್ದ. ಅದನ್ನೆಲ್ಲ ಊರಿನ ಮುಂದೆ ತನ್ನ ಬಾಯಿಂದಲೇ ಹೇಳಿದ. ಹೇಳಿದವನು ಸನಿಕೆ ತಗೊಂಡು ಹಿತ್ತಲಿಗೆ ನಡೆದ. ಆಳುಗಳನ್ನು ಕರೆಯಲಿಲ್ಲ. ಬಿಲದ ಮೇಲೆ ಕುದಿನೀರು ಹೊಯ್ದು, ತಾನೇ ಅಗೆದು, ತಾನೇ ಬದುವಿಗೆ ಹೊತ್ತುಕೊಂಡು ಹೋಗಿ ಹೂತು ಬಂದ. ಬಂದವನು ಮನೆಯೊಳಗೆ ಹೋಗಲಿಲ್ಲ. ಕದರಮ್ಮನ ಹೊಸಲಿನ ಮೇಲಿದ್ದ ಎರಡು ಮಡಕೆಯನ್ನೂ ಎತ್ತಿ ಒಳಗೆ ಇಟ್ಟ. ಚಾಪೆಯನ್ನೂ ಒಳಗೆ ಇಟ್ಟ. ಕದರಮ್ಮ ಬಾಗಿಲ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವಳು ಕ್ಷಮಿಸಿದಳೋ ಇಲ್ಲವೋ ಯಾರಿಗೂ ಹೇಳಲಿಲ್ಲ.

ದೇವೀರಿ ಒಂದು ಬಟ್ಟೆ ಚೂರನ್ನು ಬೇವಿನೆಣ್ಣೆಯಲ್ಲಿ ಅದ್ದಿದಳು. ತೊಟ್ಟಿಲ ಹಗ್ಗಕ್ಕೆ ಇದನ್ನು ಕಟ್ಟಿ, ಇದನ್ನು ದಾಟಿ ಯಾವ ಇರುವೆಯೂ ಇಳಿಯೋದಿಲ್ಲ ಅಂದಳು. ಗೌಡನ ಹೆಂಡತಿ ಕೈ ಚಾಚಿದಳು. ದೇವೀರಿ ಅವಳಿಗೆ ಕೊಡಲಿಲ್ಲ. ಕದರಮ್ಮನ ಕೈಗೆ ಕೊಟ್ಟಳು.

ಹೆಂಗಸರಲ್ಲಿ ಗುಸುಗುಸು ಎದ್ದಿತು. ಗಂಡ ಇಲ್ಲದವಳು ಹೆರಿಗೆ ಮಾಡಿಸಬಹುದು, ತೊಟ್ಟಿಲ ಹಗ್ಗ ಹೇಗೆ ಮುಟ್ಟುತ್ತಾಳೆ ಅಂತ. ಕದರಮ್ಮನಿಗೂ ಅದು ಕೇಳಿಸಿತು. ಬಟ್ಟೆಯನ್ನು ಹಿಂದಕ್ಕೆ ಕೊಡೋದಕ್ಕೆ ಹೋದಳು. ಆಗ ಸಣ್ಣೀರಮ್ಮ ಮಾತಾಡಿದಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮಾವನ ಎದುರು ಅವಳು ಬಾಯಿ ತೆಗೆದದ್ದು ಅದೇ ಮೊದಲು.

"ನನ್ ಮಗೂನ ಮೊದ್ಲು ಮುಟ್ಟಿದ್ದು ಆ ಕೈ. ಹಗ್ಗ ಮುಟ್ಟಿದ್ರೆ ಏನಾಗ್ತದೆ? ನೀನೇ ಕಟ್ಟು ದೊಡ್ಡಮ್ಮ. ನೀನು ಕಟ್ಟೋವರ್ಗೂ ನಾನು ಮಗೂನ ಮಲಗಿಸಾಕಿಲ್ಲ."

ಕದರಮ್ಮ ಕಟ್ಟಿದಳು. ಮಗು ಮಧ್ಯಾಹ್ನದವರೆಗೂ ಒಂದೇ ಸಮನೆ ಮಲಗಿತ್ತಂತೆ.

ದೇವೀರಿ ಆಮೇಲೂ ಎಷ್ಟೋ ಸುಗ್ಗಿ ಬಂದಳು. ಒಂದು ವರ್ಷ ಬರಲಿಲ್ಲ. ಯಾವ ಊರಿನಲ್ಲಿ ಮಣ್ಣಾದಳೋ ಯಾರಿಗೂ ತಿಳಿಯದು. ಅವಳನ್ನು ಹೂತ ಜಾಗದಲ್ಲಿ ಎಲ್ಲ ಜಾತಿಯ ಇರುವೆಯೂ ಜಗಳ ಮರೆತು ಒಂದೇ ಸಾಲಿನಲ್ಲಿ ನಡೆಯುತ್ತವೆ ಅಂತಾರೆ. ಕಂಡವರು ಯಾರೂ ನನಗೆ ಸಿಕ್ಕಿಲ್ಲ.

ನಾನು ಕಣ್ಣಾರೆ ಕಂಡದ್ದನ್ನು ಹೇಳ್ತೀನಿ. ಇವತ್ತಿಗೂ ಬ್ಯಾಲದಕೆರೆಯಲ್ಲಿ ಹೊಸ ತೊಟ್ಟಿಲು ತೂಗುಹಾಕಿದರೆ, ಮುತ್ತೈದೆಯರು ಕೂಡಲೇ ಹಾಡು ಶುರು ಮಾಡೋದಿಲ್ಲ. ಬೇವಿನೆಣ್ಣೆಯ ಬಟ್ಟೆ ಹಿಡಿದುಕೊಂಡು ಕಾಯುತ್ತಾರೆ. ಊರಿನಲ್ಲಿ ಗಂಡ ಇಲ್ಲದ ಹೆಂಗಸು ಯಾರಿದ್ದಾಳೋ, ಅವಳ ಮನೆಗೆ ಹೋಗಿ, ಅರಿಶಿನ ಕುಂಕುಮ ಹಿಡಿದು ಕರೆಯುತ್ತಾರೆ. ಅವಳು ಬಂದು ದೇವೀರಿಯ ಹೆಸರು ಹೇಳಿ ಹಗ್ಗಕ್ಕೆ ಬಟ್ಟೆ ಕಟ್ಟುತ್ತಾಳೆ. ಆಮೇಲೆ ತಾಯಿ ಮಗುವನ್ನು ತಾನೇ ತೊಟ್ಟಿಲಿಗೆ ಹಾಕೋದಿಲ್ಲ, ನೀನೇ ಮಲಗಿಸು ಅಂತ ಆ ಹೆಂಗಸಿನ ಕೈಗೇ ಕೊಡುತ್ತಾಳೆ.