ಹಿಡಿತದ ದೊರೆಯ ಬೋಳು ಟೈರು

"ಕೇಳಿರಪ್ಪಾ ಕೇಳಿ! ಏಳುಸುತ್ತಿನ ಘಾಟಿಯಲ್ಲಿ ದೊರೆ ಸಿಂಗರಾಯರ ಕಾರು ಜಾರಿ ಬಂಡೆಗೆ ಗುದ್ದಿದೆ. ರಾಜಮಾತೆಯವರ ಕಾಲು ಮುರಿದಿದೆ. ಓಡಿಸುತ್ತಿದ್ದ ಮುದ್ದಯ್ಯನಿಗೆ ಶುಕ್ರವಾರ ಗಲ್ಲು. ರಾಜಮಾತೆಯವರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ಮುದ್ದಯ್ಯನ ತಲೆಯೂ ಉಳಿಯುತ್ತದೆ. ಒಂದು ತಪ್ಪಿದರೂ ಅವನ ಪಕ್ಕದಲ್ಲೇ ಇನ್ನೊಂದು ಹಗ್ಗ!"

ಕಣಿವೆಪುರದ ಬೀದಿಯಲ್ಲಿ ಡಂಗುರದವನು ಹೀಗೆ ಸಾರಿಕೊಂಡು ಹೋದ. ಆ ಊರಿನ ದೊರೆ ಕೆಟ್ಟವನೇನಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಕೈ ಬಲು ಬಿಗಿ. ಹೊಗಳುಭಟರು ಅದನ್ನೇ ಬಿರುದು ಮಾಡಿ 'ಹಿಡಿತದ ದೊರೆ' ಅಂತ ಕೂಗಿದರೆ ಇವನು ಮೀಸೆ ತಿರುವುತ್ತಿದ್ದ. ಟೈರು ಸವೆದಿದೆ ಬುದ್ಧಿ ಎಂದು ಮುದ್ದಯ್ಯ ಮೂರು ವರ್ಷದಲ್ಲಿ ಮೂರು ಸಲ ಕೈಮುಗಿದಿದ್ದ. ಮೂರು ಸಲವೂ ಆಯುಧಪೂಜೆ ಬರಲಿ, ನೋಡೋಣ ಎಂಬ ಉತ್ತರ. ಆಯುಧಪೂಜೆ ಬಂದರೆ ಕುಂಬಳಕಾಯಿ ಒಡೆದು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟು, ಕಾರು ಮುಂದೆ ಬಿಟ್ಟು ಪಚಕ್ಕೆನಿಸಿದರೆ ಮುಗಿಯಿತು. ಟೈರಿಗಿಂತ ನಿಂಬೆಹಣ್ಣು ಅಗ್ಗ ನೋಡಿ.

ಮುದ್ದಯ್ಯನಿಗೆ ಒಬ್ಬಳೇ ಮಗಳು, ಕೆಂಪಾಜಿ. ಘಾಟಿಯ ಬುಡದಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಳು. ತಾಯಿ ಇಲ್ಲದ ಹುಡುಗಿ, ಅಪ್ಪನನ್ನು ಬಿಟ್ಟರೆ ಅವಳಿಗೆ ಲೋಕದಲ್ಲಿ ಇನ್ನಾರೂ ಇರಲಿಲ್ಲ. ಡಂಗುರ ಕಿವಿಗೆ ಬಿದ್ದದ್ದೇ ತಡ, ಬೆರಳಿಗೆ ಮೆತ್ತಿದ್ದ ಪಂಕ್ಚರ್ ಅಂಟು ಕೂಡ ಒರೆಸಿಕೊಳ್ಳದೆ ಅರಮನೆಗೆ ಓಡಿದಳು.

ಅರಮನೆಯ ಅಂಗಳದಲ್ಲಿ, ಮೂತಿ ಜಜ್ಜಿದ ಕಾರಿನ ಪಕ್ಕದಲ್ಲೇ ಸಭೆ ಸೇರಿತ್ತು. ರಾಜಮಾತೆ ಕಾಲಿಗೆ ಕಟ್ಟು ಹಾಕಿಸಿಕೊಂಡು ಮಂಚದ ಮೇಲೆ ಕೂತಿದ್ದಳು. ಬೇಡಿದ್ದು ಸಿಗುತ್ತದೆಂಬ ಆಸೆಗೆ ಇಬ್ಬರು ಆಗಲೇ ಮುಂದೆ ಬಂದು ನಿಂತಿದ್ದರು.

"ಹುಟ್ಟಿದಾಗ ಮೈಯೆಲ್ಲ ಸುಕ್ಕು, ಮುದಿಯಾದಾಗ ಮೈಯೆಲ್ಲ ನುಣುಪು. ಯಾರದು?" ಎಂದು ರಾಜಮಾತೆ ಕೇಳಿದಳು.

ಆಸ್ಥಾನದ ಪಂಡಿತ ಶಾಲು ಸರಿಮಾಡಿಕೊಂಡು ಹೊಳೆಯ ಕಲ್ಲು ಎಂದ. ಕಲ್ಲಿಗೆ ಸುಕ್ಕು ಎಲ್ಲಿಂದ ಬಂತಪ್ಪ ಅಂತ ಮುದುಕಿ ಕೈಯಾಡಿಸಿದಳು, ಭಟರು ಅವನನ್ನು ಎಳೆದೊಯ್ದರು. ಬೊಕ್ಕಸದ ಭಂಡಾರಿ ನಾಣ್ಯ ಎಂದ. ನಿನ್ನ ಕಣ್ಣಿಗೆ ಅದು ಬಿಟ್ಟು ಇನ್ನೇನು ಕಾಣುತ್ತದೆ ಎಂದು ಅವನನ್ನೂ ಕಳಿಸಿದಳು. ಹಗ್ಗಗಳು ಮೂರಾದವು.

ಆಗ ಕೆಂಪಾಜಿ ಮುಂದೆ ಬಂದಳು. ಉತ್ತರ ಅವಳು ದಿನಾ ಕೈಯಲ್ಲಿ ಉರುಳಿಸುವ ವಸ್ತುವೇ ಆಗಿತ್ತು. ಟೈರು ಅವ್ವಾರೇ, ಹೊಸದಕ್ಕೆ ಮೈತುಂಬ ಗೀರು, ಹಳೆಯದು ಬೋಳು ಎಂದಳು. ಮುದುಕಿಯ ಕಣ್ಣು ಅರಳಿತು.

"ದೊರೆಯ ಪ್ರಾಣ ನಾಲ್ಕು ಅಂಗೈ ಮೇಲೆ ನಿಂತಿರುತ್ತದೆ. ಆ ಅಂಗೈ ಯಾರವು?"

ನಾಲ್ವರು ಮಂತ್ರಿಗಳೂ ತಮ್ಮ ತಮ್ಮ ಅಂಗೈ ನೋಡಿಕೊಂಡರು. ಕೆಂಪಾಜಿ ಬಾಯಲ್ಲಿ ಹೇಳಲಿಲ್ಲ. ಕಾರಿಗೆ ಜಾಕ್ ಕೊಟ್ಟು ಒಂದು ಚಕ್ರ ಎತ್ತಿದಳು. ಟೈರಿಗೆ ಸುಣ್ಣ ಬಳಿದು ಚಪ್ಪಡಿಯ ಮೇಲೆ ಇಳಿಸಿ, ಮತ್ತೆ ಎತ್ತಿದಳು. ಕರಿಕಲ್ಲಿನ ಮೇಲೆ ಒಂದು ಅಂಗೈಯಷ್ಟೇ ಬಿಳಿ ಗುರುತು ಮೂಡಿತ್ತು. ಅಷ್ಟು ದೊಡ್ಡ ಕಾರು ರಸ್ತೆಯನ್ನು ಮುಟ್ಟುವುದು ಹೀಗೆ ನಾಲ್ಕೇ ಕಡೆ, ಒಂದೊಂದು ಕಡೆಯೂ ಇಷ್ಟೇ ಜಾಗ ಎಂದು ತಿಳಿಸಿದಳು. ದೊರೆ ಎದ್ದು ಬಂದು, ಆ ಗುರುತಿನ ಮೇಲೆ ತನ್ನ ಕೈಯಿಟ್ಟು ನೋಡಿ ಮಂಕಾದ.

ರಾಜಮಾತೆ ಮೂರನೆಯದನ್ನು ಮಗನ ಮುಖ ನೋಡುತ್ತಲೇ ಹೇಳಿದಳು. "ದೊರೆಯ ಹತ್ತಿರ ಒಂದಿದೆ. ಬೊಕ್ಕಸದಲ್ಲಿ ಅದು ಹೆಚ್ಚಾದಷ್ಟೂ ದಾರಿಯಲ್ಲಿ ಕಡಿಮೆಯಾಯಿತು. ಏನದು?"

ಉತ್ತರ ಕೆಂಪಾಜಿಗೆ ಹೊಳೆಯಿತು. ಹೇಳಿದರೆ ದೊರೆಯನ್ನೇ ದೂರಿದಂತೆ. ಹೇಳದಿದ್ದರೆ ಅಪ್ಪನಿಲ್ಲ. ಅಂಗಳದ ಕಂಬಕ್ಕೆ ಕಟ್ಟಿದ್ದ ಮುದ್ದಯ್ಯ, ಬೇಡ ಮಗಾ ಎಂದು ತಲೆಯಾಡಿಸುತ್ತಿದ್ದ. ಅವಳು ಅತ್ತ ನೋಡಲಿಲ್ಲ. ಒಂದು ನಾಣ್ಯ ಕೊಡಿ ಬುದ್ಧಿ ಎಂದು ದೊರೆಯ ಮುಂದೆ ಕೈ ಚಾಚಿದಳು. ದೊರೆ ಎರಡೂ ಜೇಬು ತಡಕಿ, ಇದ್ದುದರಲ್ಲಿ ಸಣ್ಣದನ್ನು ಕೊಟ್ಟ. ಅದರ ಮೇಲೆ ಕಿರೀಟ ತೊಟ್ಟ ಅವನದೇ ಮುಖವಿತ್ತು. ಅವಳು ಅದನ್ನು ತಲೆಕೆಳಗಾಗಿ ಟೈರಿನಲ್ಲಿ ಅಳಿದುಳಿದ ಗೀರಿಗೆ ಇಟ್ಟಳು.

"ಹೊಸ ಟೈರಾದರೆ ಕಿರೀಟ ಪೂರ್ತಿ ಒಳಗೆ ಮುಳುಗಬೇಕು ಬುದ್ಧಿ. ಇಲ್ಲಿ ತುದಿಯೂ ಮುಳುಗಲಿಲ್ಲ, ನಿಮ್ಮ ಮುಖ ಇಡೀ ಹೊರಗೇ ಇದೆ. ಉತ್ತರ ಹಿಡಿತ. ನಿಮ್ಮ ಕೈಗೆ ಹಿಡಿತ ಜಾಸ್ತಿಯಾಗಿ ಟೈರಿಗೆ ಹಿಡಿತ ತಪ್ಪಿತು. ಜಾರಿದ್ದು ನಮ್ಮಪ್ಪನ ಕೈಯಲ್ಲ."

ಹೆತ್ತ ಮಗನನ್ನು ತುಂಬಿದ ಸಭೆಯಲ್ಲಿ ತಪ್ಪಿತಸ್ಥ ಎನ್ನಲಾರದೆ ಈ ಒಗಟು ಕಟ್ಟಿದ್ದ ಮುದುಕಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ದೊರೆ ತಾನೇ ಹೋಗಿ ಮುದ್ದಯ್ಯನ ಹಗ್ಗ ಬಿಚ್ಚಿದ. ಅಪ್ಪ ಮಗಳು ತಬ್ಬಿಕೊಂಡು ಅತ್ತದ್ದು ಕಂಡು ಭಟರೂ ಅತ್ತರು. ಪಂಡಿತನನ್ನೂ ಭಂಡಾರಿಯನ್ನೂ ಬಿಟ್ಟುಬಿಡಿ ಎಂದೂ ದೊರೆ ಅಪ್ಪಣೆ ಕೊಟ್ಟ.

ಹುಟ್ಟುಗುಣ ಎಲ್ಲಿ ಹೋಗುತ್ತದೆ ಹೇಳಿ. ಸದ್ಯಕ್ಕೆ ಎರಡು ಹೊಸದು ಹಾಕಿದರೆ ಸಾಲದೇನಮ್ಮ ಎಂದು ದೊರೆ ಮೆಲ್ಲಗೆ ಕೇಳಿದ. ಎರಡು ಚೆನ್ನಾಗಿದ್ದಿದ್ದರೆ ಅವನ್ನು ಮುಂದಕ್ಕೆ ಹಾಕಿ ಹೊಸ ಎರಡನ್ನು ಹಿಂದಕ್ಕೆ ಹಾಕಬಹುದಿತ್ತು, ನಿಮ್ಮದು ನಾಲ್ಕೂ ಬೋಳು ಬುದ್ಧಿ ಎಂದಳು ಕೆಂಪಾಜಿ. ಎಲ್ಲಕ್ಕಿಂತ ದುಬಾರಿಯದು ಬೇಡ, ಮಳೆಯಲ್ಲಿ ರಸ್ತೆ ಕಚ್ಚುವಂಥದ್ದು ಸಾಕು, ಮುರಿದ ಕಾಲಿಗಿಂತ ಅಗ್ಗವೇ ಬೀಳುತ್ತದೆ ಎಂದೂ ಸೇರಿಸಿದಳು. ಮುದುಕಿ ನೋವು ಮರೆತು ನಕ್ಕಳು.

ಬೇಕಾದ್ದು ಕೇಳು ಎಂದಾಗ ಕೆಂಪಾಜಿ ಚಿನ್ನ ಕೇಳಲಿಲ್ಲ. ಘಾಟಿ ಹತ್ತುವ ಪ್ರತಿ ವಾಹನವೂ ತನ್ನ ಅಂಗಡಿಯ ಮುಂದೆ ನಿಂತು ನಾಣ್ಯದ ಪರೀಕ್ಷೆ ಕೊಡಬೇಕು, ಕಿರೀಟ ಮುಳುಗದಿದ್ದರೆ ಯಾರೇ ಆಗಲಿ ವಾಪಸು ಹೋಗಬೇಕು ಎಂದು ಕೇಳಿದಳು. ದೊರೆ ಒಪ್ಪಿದ.

ಮೊದಲು ಬಂದು ನಿಂತದ್ದು ಅವನದೇ ಕಾರು. ಮುದ್ದಯ್ಯ ಓಡಿಸುತ್ತಿದ್ದ, ಹಿಂದೆ ರಾಜಮಾತೆ ಕಾಲು ಚಾಚಿ ಕೂತಿದ್ದಳು. ಕೆಂಪಾಜಿ ಹೊಸ ಟೈರಿಗೆ ನಾಣ್ಯ ಇಟ್ಟಳು. ದೊರೆ ಕಿಟಕಿಯಿಂದ ಕತ್ತು ಚಾಚಿ, ಮುಳುಗಿತೇನಮ್ಮ ನನ್ನ ಕಿರೀಟ ಎಂದು ಕೇಳಿದ.

"ಪೂರ್ತಿ ಮುಳುಗಿತು ಬುದ್ಧಿ" ಎಂದಳು ಅವಳು. ಬೀದಿಯ ಜನವೆಲ್ಲ ಚಪ್ಪಾಳೆ ತಟ್ಟಿದರು. ಕಿರೀಟ ಮುಳುಗಿತೆಂದು ಅಷ್ಟೊಂದು ಖುಷಿಪಟ್ಟ ದೊರೆ ಇನ್ನೊಬ್ಬನಿಲ್ಲ.