ದರ್ಜಿ ಕೊಂಡ ಕ್ಯಾಮೆರಾ

"ಗುರುಗಳೇ, ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳಬೇಕು. ಅಂಗಡಿಯವರು ಟೋಪಿ ಹಾಕದ ಹಾಗೆ ಕೊಳ್ಳುವುದು ಹೇಗೆ?" ಎಂದು ಶಿಷ್ಯ ಈರಣ್ಣ ಕೇಳಿದ.

ಅಡಿವೆಪ್ಪ ಮಾಸ್ತರರು ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು. ಈಗ ನಾಲ್ಕು ಜನಕ್ಕೆ ಆ ವಿದ್ಯೆ ಕಲಿಸುತ್ತಿದ್ದರು. "ಕೈಯಲ್ಲಿ ಎಷ್ಟಿದೆ?" ಎಂದರು.

ಈರಣ್ಣ ಬಾಗಿಲ ಕಡೆ ನೋಡಿದ. "ಏನೋ ಸ್ವಲ್ಪ ಇದೆ."

"ಕೆಲಸ ಎಷ್ಟು ಬರುತ್ತದೆ?"

"ತಕ್ಕಮಟ್ಟಿಗೆ ಎಲ್ಲ ಬರುತ್ತದೆ."

"ಭಲೆ! ನನ್ನ ಮೇಲೂ ಅನುಮಾನ! ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಮಾಸ್ತರರು ಶುರುಮಾಡಿದರು.

ಒಬ್ಬ ದರ್ಜಿ. ಅವನನ್ನು ಸಾಕಿದವಳು ಅಜ್ಜಿ. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಆ ಮುದುಕಿ ನಂಬಿದ್ದಳು. ಮದುವೆಮನೆಯಲ್ಲಿ ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆಳೆದುಕೊಂಡು ಒಳಗೆ ಹೋಗಿಬಿಡುವಳು. ಎಂಬತ್ತು ದಾಟಿದರೂ ಅವಳದೊಂದು ಫೋಟೋ ಇರಲಿಲ್ಲ. ಮೊಮ್ಮಗ ವರ್ಷಗಟ್ಟಲೆ ಗೋಗರೆದ ಮೇಲೆ, "ಆಯಿತಪ್ಪ, ನೀನೇ ತೆಗೆಯುವುದಾದರೆ ಒಂದೇ ಒಂದು. ಎರಡನೆಯದು ಕೇಳಬಾರದು" ಎಂದಳು.

ದರ್ಜಿ ಅಲ್ಲಿಯವರೆಗೆ ಕ್ಯಾಮೆರಾ ಮುಟ್ಟಿದವನೇ ಅಲ್ಲ. ಆದರೆ ಹೊಸದೊಂದಕ್ಕೆ ಸಾಕಾಗುವಷ್ಟು ದುಡ್ಡು ಕೂಡಿಟ್ಟಿದ್ದ. ಅಂಗಡಿಗೆ ಹೋದ. ವ್ಯಾಪಾರಿ ಎರಡೇ ಮಾತು ಕೇಳಿದ: ಎಷ್ಟರೊಳಗೆ ಬೇಕು, ಕೈ ಎಷ್ಟು ಪಳಗಿದೆ. ದರ್ಜಿಗೆ ಅನುಮಾನ ಬಂತು. ಇರುವಷ್ಟು ಹೇಳಿದರೆ ಅಷ್ಟನ್ನೂ ಕಿತ್ತುಕೊಳ್ಳುತ್ತಾನೆ, ಏನೂ ಬಾರದು ಎಂದರೆ ಬೇಡದ್ದನ್ನು ತಲೆಗೆ ಕಟ್ಟುತ್ತಾನೆ. ಹಾಗಾಗಿ ಇದ್ದುದರಲ್ಲಿ ಅರ್ಧ ಹೇಳಿದ. ಹತ್ತು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ ಎಂದೂ ಸೇರಿಸಿದ. ಎಷ್ಟು ಜಾಣ ನೋಡು!

ವ್ಯಾಪಾರಿ ಕಪಾಟಿನಿಂದ ಒಂದು ಹಳೆಯ ಕ್ಯಾಮೆರಾ ತೆಗೆದ. ಅದು ತಾನಾಗಿ ಏನೂ ಮಾಡುವಂಥದಲ್ಲ. ಬೆಳಕು ಎಷ್ಟು ಒಳಬರಬೇಕು, ಎಷ್ಟು ಹೊತ್ತು ಬರಬೇಕು ಎಲ್ಲವನ್ನೂ ಕೈಯಿಂದಲೇ ಹೊಂದಿಸಬೇಕು. "ಈ ದುಡ್ಡಿಗೆ, ನಿಮ್ಮಂಥ ಪಳಗಿದ ಕೈಗೆ, ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ" ಎಂದ. ವ್ಯಾಪಾರಿ ದೇವರಂಥವನೇನಲ್ಲ, ಆದರೆ ಅವತ್ತು ಅವನು ಹೇಳಿದ್ದು ನಿಜ. ಪಕ್ಕದಲ್ಲೇ ಹೊಸಬರಿಗೆಂದು ಮಾಡಿದ ಕ್ಯಾಮೆರಾ ಇತ್ತು, ಎಲ್ಲವನ್ನೂ ತಾನೇ ನೋಡಿಕೊಳ್ಳುವಂಥದು. ಅದರ ಬೆಲೆ ದರ್ಜಿಯ ಜೇಬಿನಲ್ಲಿದ್ದಷ್ಟೇ. ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಸುಳ್ಳು ಹೊರಬೀಳುತ್ತದಲ್ಲ!

ಅಜ್ಜಿ ಹೊಸ ಸೀರೆಯುಟ್ಟು ಅಂಗಳದ ಬಿಸಿಲಿನಲ್ಲಿ ಕುಳಿತಳು. ಜೀವಮಾನದಲ್ಲಿ ಮೊದಲ ಸಲ ಕ್ಯಾಮೆರಾ ಕಡೆ ಮುಖ ಮಾಡಿ ನಕ್ಕಳು. ದರ್ಜಿ ಗುಂಡಿ ಒತ್ತಿದ. ಸದ್ದಾಯಿತು. ಅಜ್ಜಿ ಎದ್ದಳು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದರೆ ಬೆಳಕು ಹೆಚ್ಚಾಗಿ ಬರೀ ಬಿಳುಪು. ಕಣ್ಣಿಲ್ಲ, ಮೂಗಿಲ್ಲ, ನಗುವಿಲ್ಲ. ದರ್ಜಿ ಅವಳ ಕಾಲು ಹಿಡಿದ. "ಒಂದು ಅಂದಿದ್ದೆ, ಒಂದಾಯಿತು" ಎಂದು ಅಜ್ಜಿ ಒಳಗೆ ಹೋದಳು. ಮುಂದಿನ ಯುಗಾದಿಗೆ ಅವಳು ಇರಲಿಲ್ಲ.

ದರ್ಜಿ ಅಳುತ್ತ ಅಂಗಡಿಗೆ ನುಗ್ಗಿ ಕ್ಯಾಮೆರಾ ಮೇಜಿನ ಮೇಲಿಟ್ಟ. "ಮೋಸಗಾರ! ನಾನು ಕ್ಯಾಮೆರಾ ಹಿಡಿದವನೇ ಅಲ್ಲ. ನೀನು ಕೇಳಿದಾಗ ನನ್ನ ಹತ್ತಿರ ಇದರ ಎರಡರಷ್ಟು ದುಡ್ಡಿತ್ತು. ನನ್ನ ಅಜ್ಜಿಯ ಮುಖ ಹೋಯಿತಲ್ಲೋ!" ಎಂದು ಕೂಗಾಡಿದ.

ವ್ಯಾಪಾರಿ ಪೂರ್ತಿ ಕೇಳಿಸಿಕೊಂಡ. ದರ್ಜಿಯ ಕುತ್ತಿಗೆಯಲ್ಲಿದ್ದ ಅಳತೆಯ ಟೇಪು ನೋಡಿದ. "ಅಳತೆ ಕೊಡುವಾಗ ಗಿರಾಕಿ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ. ಆಮೇಲೆ ಅಂಗಿ ಬಿಗಿಯಾಯಿತು ಎಂದು ಜಗಳಕ್ಕೆ ಬರುತ್ತಾನೆ. ನೀವೇನು ಹೇಳುತ್ತೀರಿ ಅವನಿಗೆ?" ಎಂದ.

ದರ್ಜಿ ಕ್ಯಾಮೆರಾ ಎತ್ತಿಕೊಂಡು ಮನೆಗೆ ನಡೆದ.

ಮಾಸ್ತರರು ಕತೆ ನಿಲ್ಲಿಸಿ ಈರಣ್ಣನ ಮುಖ ನೋಡಿದರು.

"ಈಗ ಉಸಿರು ಬಿಟ್ಟು ಹೇಳು: ಕೈಯಲ್ಲಿ ಎಷ್ಟಿದೆ, ಕೆಲಸ ಎಷ್ಟು ಬರುತ್ತದೆ?"