ಅತ್ತೆಹಾಸು

ಕರೇನಹಟ್ಟಿಯ ಮೂಡಲಿಗೆ, ಮನೆಗಳು ಮುಗಿದು ಕೆಂಪು ಹೊಲ ಶುರುವಾಗುವಲ್ಲಿ ಒಂದು ಬಯಲಿದೆ. ರಾಗಿ, ನವಣೆ ಮನೆ ಸೇರಿದ ಮೇಲೆ ಪುಷ್ಯ ಮಾಸದಲ್ಲಿ ಅಲ್ಲಿ ಬಯಲಾಟ ನಡೆಯುತ್ತದೆ. ರಂಗ ಕಟ್ಟುವ ಜಾಗದಿಂದ ಹನ್ನೆರಡು ಹೆಜ್ಜೆ ದೂರದಲ್ಲಿ, ನೆಲಕ್ಕೆ ಸಮನಾಗಿ, ಒಂದು ಕಪ್ಪು ಬಂಡೆ ಇದೆ. ಉದ್ದ ಆರು ಮೊಳ, ಅಗಲ ಮೂರು ಮೊಳ. ಒಂದು ಮೂಲೆ ಮಾತ್ರ ಮೇಲಕ್ಕೆ ಮಡಚಿಕೊಂಡಂತಿದೆ. ಸುತ್ತ ಎಲ್ಲಿ ಅಗೆದರೂ ಆ ಬಣ್ಣದ ಕಲ್ಲು ಸಿಗುವುದಿಲ್ಲ. ಅದನ್ನು ಅತ್ತೆಹಾಸು ಎನ್ನುತ್ತಾರೆ. ಹೆಸರು ಕೇಳಿ ಹೊರಗಿನವರು ನಗುವುದುಂಟು. ಊರವರು ನಗುವುದಿಲ್ಲ.

ಹಿಂದೆ ಒಮ್ಮೆ, ಎಷ್ಟು ತಲೆಮಾರಿನ ಹಿಂದೆ ಎಂದು ಯಾರಿಗೂ ಖಚಿತವಿಲ್ಲ, ಈ ಊರಿನಲ್ಲಿ ತಿಪ್ಪಕ್ಕ ಎಂಬ ಸೊಸೆ ಇದ್ದಳು. ಅವಳ ಗಂಡ ಸಣ್ಣಬೋರಯ್ಯನಿಗೆ ಆ ವರ್ಷ ಮೊದಲ ಸಲ ರಕ್ಕಸನ ವೇಷ ಸಿಕ್ಕಿತ್ತು. ಅತ್ತೆ ಓಬಮ್ಮನ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಪೂರ್ತಿ ಕತ್ತಲಾಗುವುದರೊಳಗೆ ಮಗನ ವೇಷವನ್ನು ಹತ್ತಿರದಿಂದ ಒಂದು ಸಲ ನೋಡಬೇಕೆಂಬುದೊಂದೇ ಮುದುಕಿಯ ಆಸೆ. ಆದರೆ ಆಟದ ದಿನ ಐದು ತಿಂಗಳ ಕೂಸು ಹಟ ಹಿಡಿದು, ತಿಪ್ಪಕ್ಕ ಬಯಲಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಆಗಲೂ ಈಗಲೂ ಇಲ್ಲಿ ಒಂದು ಕಟ್ಟುಪಾಡಿದೆ. ಮನೆಮನೆಯವರೂ ಹಗಲಿನಲ್ಲೇ ಕಂಬಳಿ ಹಾಸಿ ಜಾಗ ಹಿಡಿಯುತ್ತಾರೆ; ಒಬ್ಬರು ಹಾಸಿದ ಕಂಬಳಿಯನ್ನು ಇನ್ನೊಬ್ಬರು ಸರಿಸುವಂತಿಲ್ಲ, ಅದರ ಮೇಲೆ ಕೂರುವಂತಿಲ್ಲ. ಅವಳಿಗೆ ಉಳಿದದ್ದು ಎಲ್ಲರಿಗಿಂತ ಹಿಂದೆ, ಹೊಂಗೆ ಮರದ ಬುಡ. ಮುಂದಿನ ಸಾಲಿನಲ್ಲಿ ಮಾತ್ರ ಅಂಚಿಗೆ ಯಾವ ಮನೆಯ ಗುರುತಿನ ದಾರವೂ ಇಲ್ಲದ ಒಂದು ಕರಿಯ ಕಂಬಳಿ ಬಿದ್ದಿತ್ತು.

"ಇದು ಯಾರದಜ್ಜ?" ಎಂದು ಜಾಗ ನೋಡಿಕೊಳ್ಳುತ್ತಿದ್ದ ಕಾಟಜ್ಜನನ್ನು ಕೇಳಿದಳು.

"ಗೊತ್ತಿಲ್ಲ ಕಣವ್ವ. ಬೆಳಿಗ್ಗೆ ಬಂದಾಗಲೇ ಇತ್ತು. ನಾಯಿಗಳೂ ಸುತ್ತಿ ಹೋಗ್ತಾವೆ. ನೀನ್ಯಾಕೆ ಮುಂದಕ್ಕೆ ಬರ್ತೀಯಾ? ನಿನ್ನ ಗಂಡನ್ನ ದೂರದಿಂದ ನೋಡಿದ್ರೇನೇ ಚೆಂದ."

ಸಂಜೆಯಾಯಿತು. ಮದ್ದಳೆ ಶುರುವಾಯಿತು. ಎಲ್ಲ ಕಂಬಳಿಗಳೂ ತುಂಬಿದವು. ಅದೊಂದು ಖಾಲಿ ಉಳಿಯಿತು. ತಿಪ್ಪಕ್ಕ ಇನ್ನು ಕಾಯಲಿಲ್ಲ. ಕೂಸನ್ನು ಕಂಕುಳಲ್ಲಿ ಇರುಕಿಕೊಂಡು, ಅತ್ತೆಯ ಕೈ ಹಿಡಿದು ಮುಂದಕ್ಕೆ ಕರೆತಂದಳು. ಓಬಮ್ಮ ಕೂರಲೆಂದು ಬಗ್ಗಿ ಕಂಬಳಿಯ ಮೇಲೆ ಅಂಗೈ ಊರಿದವಳು ಹಾಗೆಯೇ ನಿಂತಳು.

"ಬೆಚ್ಚಗೈತಲ್ಲೇ, ತಿಪ್ಪಿ. ಯಾರೋ ಈಗ ಎದ್ದು ಹೋದಂಗೆ."

ಯಾರೂ ಕೂತಿರಲಿಲ್ಲ, ಬಂದಾಗಿನಿಂದ ತಿಪ್ಪಕ್ಕನ ಕಣ್ಣು ಅದರ ಮೇಲೇ ಇತ್ತು. ಆದರೂ ಅವಳು, "ಒಳ್ಳೇದೇ ಆಯ್ತು ಬಿಡಿ ಅತ್ತೆ, ಮಗೀಗೆ ಚಳಿಯಾಗಲ್ಲ" ಎನ್ನುತ್ತ ಕೂಸನ್ನು ಮಲಗಿಸಲು ಬಗ್ಗಿದಳು. ಕೂಸಿನ ಹಿಮ್ಮಡಿ ಕಂಬಳಿಗೆ ತಾಗಿತು. ಮುದುಕಿ ಅವಳ ರಟ್ಟೆ ಹಿಡಿದು ಮೇಲಕ್ಕೆಳೆದಳು. ಆ ವಯಸ್ಸಿನಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ. ಒಂದು ಗಳಿಗೆ ಮಂಜುಗಣ್ಣಿನಿಂದ ಕೂಸಿನ ಮುಖವನ್ನೇ ನೋಡಿದಳು. ಆಮೇಲೆ ಕಂಬಳಿಯ ನಡುಮಧ್ಯೆ ಕಾಲು ಚಾಚಿ ಕೂತುಬಿಟ್ಟಳು.

"ಇಬ್ಬರಿಗೆ ಜಾಗ ಇಲ್ಲ. ಎತ್ಕೊಂಡು ಹಿಂದಕ್ಕೆ ಹೋಗು. ನೀನು ಅವನ ಮುಖ ದಿನಾ ನೋಡ್ತೀಯಲ್ಲ, ಇವತ್ತು ನಾನು ನೋಡ್ತೀನಿ."

ಸುತ್ತ ಕೂತ ಹೆಂಗಸರು ಘೊಳ್ಳೆಂದು ನಕ್ಕರು. "ಮಗ ರಂಗದ ಮೇಲೆ, ಅವ್ವ ನೆಲದ ಮೇಲೆ. ಇವತ್ತು ಇಬ್ಬರು ರಕ್ಕಸರು ಕಣ್ರೇ!" ಎಂದಳೊಬ್ಬಳು. ತಿಪ್ಪಕ್ಕ ಮುಖ ಕೆಂಪಗೆ ಮಾಡಿಕೊಂಡು ಹೊಂಗೆ ಮರದ ಬುಡಕ್ಕೆ ಹೋದಳು. ಅತ್ತೆಯ ಕಡೆ ನೋಡಬಾರದೆಂದುಕೊಂಡರೂ ಮೂರು ಸಲ ನೋಡಿದಳು. ಮೊದಲ ಸಲ ಮುದುಕಿ ಕಂಬಳಿಯ ನಡುವೆ ಇದ್ದಳು. ಎರಡನೆಯ ಸಲ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಕೊಟ್ಟವಳಂತೆ, ಕೊಂಚ ಸರಿದಿದ್ದಳು. ಮೂರನೆಯ ಸಲ ಅಂಚಿನಲ್ಲಿದ್ದಳು. ಆಗಲೇ ಸಣ್ಣಬೋರಯ್ಯ ಅಬ್ಬರಿಸುತ್ತ ರಂಗಕ್ಕೆ ಬಂದ. ಓಬಮ್ಮ ಚಪ್ಪಾಳೆ ತಟ್ಟಿ, "ನನ್ನ ಮಗ!" ಎಂದು ಕೂಗಿದ್ದು ಹೊಂಗೆ ಮರದವರೆಗೂ ಕೇಳಿಸಿತು.

ಬೆಳಗಿನ ಜಾವ ಮಂಗಳ ಹಾಡಿದರು. ಜನ ಎದ್ದು ಕಂಬಳಿ ಕೊಡವಿ ಮಡಚತೊಡಗಿದರು. ಓಬಮ್ಮ ಏಳಲಿಲ್ಲ. ಕಣ್ಣು ರಂಗದ ಕಡೆಗಿತ್ತು, ಕೈ ಕಂಬಳಿಯ ಒಂದು ಮೂಲೆಯನ್ನು ಬಿಗಿಯಾಗಿ ಹಿಡಿದಿತ್ತು, ಮೈ ತಣ್ಣಗಾಗಿತ್ತು. ಮುಖದ ಬಣ್ಣವನ್ನೂ ತೊಳೆಯದ ಮಗ ಅವಳನ್ನು ಎತ್ತಿಕೊಂಡ. ಕಂಬಳಿ ತೆಗೆಯಲು ಬಗ್ಗಿದ ತಿಪ್ಪಕ್ಕನ ಬೆರಳಿಗೆ ಉಣ್ಣೆ ಸಿಗಲಿಲ್ಲ, ಕಲ್ಲು ಸಿಕ್ಕಿತು. ಕಾಟಜ್ಜ ತಲೆಯ ರುಮಾಲು ತೆಗೆದು, "ಒಂದು ಜೀವಾನ ಕರೆಯೋಕೆ ಬಂದಿತ್ತು. ತಾಗಿದ್ದು ಕೂಸು. ಕೂತಿದ್ದು ಇವಳು" ಎಂದನಂತೆ.

ಕೂಸು ಬದುಕಿತು, ದೊಡ್ಡದಾಯಿತು, ಮಕ್ಕಳನ್ನು ಹೆತ್ತಿತು. ಊರವರು ಮೊದಮೊದಲು ಅದನ್ನು ದೆವ್ವದ ಬಂಡೆ ಎಂದು ಕರೆದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ತಿಪ್ಪಕ್ಕ, ತನಗೂ ತಲೆ ಹಣ್ಣಾಗುವವರೆಗೆ, "ದೆವ್ವದ್ದಲ್ಲ. ಅದು ನಮ್ಮತ್ತೆ ಹಾಸು" ಎಂದು ತಿದ್ದುತ್ತಿದ್ದಳು. ಆ ಹೆಸರೇ ನಿಂತಿತು ಎನ್ನುತ್ತಾರೆ.

ಈಗಲೂ ಪುಷ್ಯದಲ್ಲಿ ಆಟವಿದ್ದಾಗ ಬಂಡೆಯ ಮೂರು ಬದಿಗೂ ಕಂಬಳಿ ಬೀಳುತ್ತವೆ. ಎಳೆಗೂಸಿನ ತಾಯಂದಿರು ಮಾತ್ರ ಮುಂದಿನ ಸಾಲಿಗೆ ಬರುವುದಿಲ್ಲ. ಆಟ ಮುಗಿದು ಬೆಳಕು ಹರಿದಾಗ ಹುಲ್ಲು, ರಂಗಕ್ಕೆ ಹೊದಿಸಿದ ತೆಂಗಿನ ಗರಿ, ಜನರ ಹೊದಿಕೆ ಎಲ್ಲವೂ ಇಬ್ಬನಿಗೆ ನೆನೆದಿರುತ್ತವೆ. ಬಂಡೆ ಒಣಗಿರುತ್ತದೆ.